ಒಂದು ಕುರ್ಚಿಗೆ ಎರಡು ಹೆಸರು

ಆಸ್ಪತ್ರೆಯ ಕಂಪ್ಯೂಟರ್ ಕೋಣೆ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆ ಅರೆತಲೆನೋವು ಈಗಲೂ ಕಾಡುತ್ತದೆಯೇ? ಅಪ್ಪನ ಮೇಲಿನ ಸಿಟ್ಟಿಗೆ ನೀನು ನಮ್ಮ ಫೋನು ಎತ್ತದೆ ನಾಲ್ಕು ವರ್ಷವಾಯಿತು. ಅದಕ್ಕೇ ನಿನ್ನ ಹಳೆಯ ಮೇಲ್ ವಿಳಾಸಕ್ಕೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ನೀನು ಈ ಆಸ್ಪತ್ರೆಗೆ ಬರೆದುಕೊಟ್ಟು ಹೋದ ಡಯಾಲಿಸಿಸ್ ಸರದಿಯ ಪ್ರೋಗ್ರಾಮನ್ನು ನಾನು ಕೆಡಿಸಿಬಿಟ್ಟೆ ಅಕ್ಕಾ. ಹಳೆಯ ಸರ್ವರ್‌ಗೆ ವಯಸ್ಸಾಗಿತ್ತು, ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಆರುತ್ತಿತ್ತು. ಮಾಹಿತಿ ಇಡುವ ಹೊಸ ಡೇಟಾಬೇಸ್ ಎಂಜಿನ್ನಿಗೆ ಸಾಗಿಸು ಎಂದು ಆಸ್ಪತ್ರೆಯವರು ಅಂದರು, ಸಾಗಿಸಿದೆ. ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರನ್ನು ಒಳಗೆ ಬಿಡದ ಒಂದು ಸಾಲು ಪ್ರೋಗ್ರಾಮಿನಲ್ಲಿತ್ತಲ್ಲ, ಅದರ ಪಕ್ಕ ನೀನು ಬರೆದಿಟ್ಟಿದ್ದೆ: "ತಮ್ಮಾ, ಇದನ್ನ ಮುಟ್ಟಿದ್ರೆ ಬೆನ್ನಿಗೆ ಬೀಳುತ್ತೆ ನೋಡು." ಟಿಪ್ಪಣಿಗಳಲ್ಲೆಲ್ಲ ನನ್ನನ್ನು ಗೋಳು ಹೊಯ್ದುಕೊಳ್ಳುವವಳೇ ತಾನೇ ನೀನು! ಇದೂ ತಮಾಷೆ ಎಂದುಕೊಂಡೆ. ಜೊತೆಯವರ ಮುಂದೆ ನಾಚಿಕೆಯೂ ಆಯಿತು. ಟಿಪ್ಪಣಿಯನ್ನೂ ಅಳಿಸಿದೆ, ಸಾಲನ್ನೂ ಅಳಿಸಿದೆ. ಒಬ್ಬನೇ ಕೂತು ಒತ್ತಿ ನೋಡಿದೆ, ಕುದುರೆಯ ಹಾಗೆ ಓಡಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೊಸ ಎಂಜಿನ್ ಒಟ್ಟಿಗೇ ಐದು ಜನರ ಕೆಲಸ ಹಿಡಿಯುತ್ತದೆ. ಎರಡು ಕೌಂಟರಿನವರು ಒಂದೇ ಕ್ಷಣದಲ್ಲಿ ನೋಡಿದರೆ ಇಬ್ಬರಿಗೂ ಅದೇ ಡಯಾಲಿಸಿಸ್ ಕುರ್ಚಿ ಖಾಲಿ ಕಾಣುತ್ತದೆ, ಇಬ್ಬರೂ ಹೆಸರು ಬರೆಯುತ್ತಾರೆ. ಮುಂದಿನ ದಿನಗಳ ಸರದಿಗಳೆಲ್ಲ ಎರಡು ವಾರದಿಂದ ಹೀಗೇ ಎರಡೆರಡು ಹೆಸರಿಗೆ ಬೀಳುತ್ತಿದ್ದವಂತೆ. ಗೊತ್ತಾದದ್ದು ಈ ಮಂಗಳವಾರ, ಇಬ್ಬರು ಒಂದೇ ಕುರ್ಚಿಗೆ ಬಂದು ನಿಂತಾಗ. ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರು ವಾಪಸ್ ಹೋದರು. ಹಿರಿಯ ನರ್ಸ್ ಆಮೇಲೆ ನನ್ನ ಕೋಣೆಗೇ ಬಂದು, "ಏನಪ್ಪಾ, ರಕ್ತ ತೊಳೆಯೋ ಯಂತ್ರಾನ ಅರ್ಧರ್ಧ ಹಂಚಕ್ಕಾಗುತ್ತಾ?" ಎಂದರು.

ಆ ಸಾಲನ್ನು ತಿರುಗಿ ಹಾಕಿದ್ದೇನೆ. ಆದರೆ ಪಟ್ಟಿ ಆಗಲೇ ಕಲಸಿಹೋಗಿದೆ. ಯಾರದು ಮೊದಲ ಸರದಿ ಎಂದು ಬಿಡಿಸುವುದು ಪ್ರೋಗ್ರಾಮ್ ಬರೆದ ನಿನಗೊಬ್ಬಳಿಗೇ ಗೊತ್ತು. ಸೋಮವಾರ ಒಂಬತ್ತು ಕುರ್ಚಿಗೆ ಹದಿನೇಳು ಜನ ಬರುತ್ತಾರೆ. ತಪ್ಪಿದವರ ಮೈಯಲ್ಲಿ ನೀರು ತುಂಬುತ್ತದೆ ಅಕ್ಕಾ. ದಮ್ಮಯ್ಯ, ಒಂದು ಫೋನ್ ಮಾಡು.

ಮಕ್ಕಳಿಗೆ ಮುದ್ದು, ಭಾವನಿಗೆ ನಮಸ್ಕಾರ.

ನಿನ್ನ ಬೈಗುಳಕ್ಕೆ ಕಾದು ಕೂತಿರುವ
ತಮ್ಮ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮಂಗಳವಾರ ವಾಪಸ್ ಹೋದದ್ದು ನಮ್ಮ ಅಪ್ಪ. ಅವರ ಕಿಡ್ನಿ ಕೈಕೊಟ್ಟು ಎಂಟು ತಿಂಗಳಾಯಿತು, ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. "ನನ್ನ ಮಗಳು ಬರೆದಿದ್ದು ತಪ್ಪಾಗಲ್ಲ, ನಾನೇ ದಿನ ಮರ್ತಿರ್ಬೇಕು" ಎಂದು ಕುರ್ಚಿ ಬಿಟ್ಟುಕೊಟ್ಟು ಬಸ್ಸು ಹತ್ತಿದರಂತೆ. ನಿನ್ನೆಯಿಂದ ಉಸಿರು ಕಟ್ಟುತ್ತಿದೆ, ಮೂರನೇ ವಾರ್ಡಿನಲ್ಲಿದ್ದಾರೆ. ತಪ್ಪು ನನ್ನದು ಎಂದು ಕಾಲು ಹಿಡಿದು ಹೇಳಿದೆ, ನಂಬುತ್ತಿಲ್ಲ. ಪಟ್ಟಿಯನ್ನು ಬಂದ ಮೇಲೆ ನೋಡುವೆಯಂತೆ, ಮೊದಲು ಹೊರಡು.