ಎದುರುಬದುರು ಬಾಗಿಲು

ಫೆಬ್ರವರಿ 6, ಗುರುವಾರ

ಮತ್ತೆ ಪರದೆ ಬಟ್ಟೆಯ ತುಂಡುಗಳು. ಬೆಳಿಗ್ಗೆಯಿಂದ ಕತ್ತರಿಸಿ ಅಂಟಿಸಿದ್ದೇ ಅಂಟಿಸಿದ್ದು, ಬೆರಳಿಗೆಲ್ಲ ಗೋಂದು. ಬೂದು ಬಣ್ಣದಲ್ಲೇ ಇಷ್ಟು ಬಗೆ ಇದೆ ಅಂತ ಈ ಒಳಾಂಗಣ ವಿನ್ಯಾಸದ ಕೋರ್ಸಿಗೆ ಸೇರುವ ತನಕ ಗೊತ್ತಿರಲಿಲ್ಲ. ನನ್ನ ಹಲಗೆ ಚೆನ್ನಾಗಿಯೇ ಬಂದಿತ್ತು. ನಮ್ಮ ಟೀಚರ್ ಫರೀದಾ ಖಾಲಿಕೊವ್ನಾ ನೋಡಿ "ಅಚ್ಚುಕಟ್ಟು" ಅಂದರು. ಅಷ್ಟೇ. ಪಕ್ಕದಲ್ಲಿ ಜಿಬೆಕ್‌ಳ ಹಲಗೆ. ಅದರ ಮುಂದೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನಿಂತರು. "ಈ ಹುಡುಗಿಗೆ ಕಣ್ಣಿದೆ" ಅಂದರು.

ನನಗೇನು ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದಿದ್ದಾರಾ?

ಜಿಬೆಕ್ ನನ್ನ ಓರಗಿತ್ತಿ. ಮೈದುನ ಏರ್ಮೆಕ್‌ನ ಹೆಂಡತಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಕೋರ್ಸಿಗೆ ಮೊದಲು ಸೇರಿದವಳು ನಾನು. ಮನೆಯಲ್ಲಿ ಜಗಳ ಆಡಿ, ಇಬ್ಬರು ಹೆಣ್ಣುಮಕ್ಕಳನ್ನು ಅವರಿವರ ಬಳಿ ಬಿಟ್ಟು ಸೇರಿದೆ. ಇವಳು ಒಂದು ದಿನ ತಿಂಡಿ ತಿನ್ನುತ್ತಾ, ಅಕ್ಕನನ್ನು ಕರೆಯುವ ಹಾಗೆ, "ನಾನೂ ಬರ್ಲಾ ಎಜೆ, ಮನೇಲಿ ಬೇಜಾರು" ಅಂದಳು. ಬೇಜಾರಿಗೆ ಬಂದವಳಿಗೆ ಕಣ್ಣಿದೆಯಂತೆ. ನನ್ನದು ಅಚ್ಚುಕಟ್ಟಂತೆ.

ಫರೀದಾ ಖಾಲಿಕೊವ್ನಾ ಇನ್ನೊಂದು ಮಾತು ಹೇಳಿದರು. ವಸಂತಕ್ಕೆ ಕೋರ್ಸ್ ಮುಗಿದ ಮೇಲೆ ತಮ್ಮ ಸ್ಟುಡಿಯೋಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಒಬ್ಬರನ್ನೇ. "ನಾನು ಕಾಗದಕ್ಕೆ ಅಂಕ ಕೊಡಲ್ಲ. ಪ್ಲಾನೂ ತಿದ್ದಲ್ಲ. ನಿಜವಾದ ಒಂದು ಕೋಣೆ ಮಾಡಿ. ಅಲ್ಲಿ ಜನ ಬಂದು ಕೂತ ಮೇಲೆ ಬಂದು ನೋಡ್ತೀನಿ."

ಆ ಜಾಗ ನನ್ನದು. ಬರೆದಿಟ್ಟಿದ್ದೇನೆ.

ಫೆಬ್ರವರಿ 7

ಕೋಣೆ ಯಾವುದು ಅಂತ ಯೋಚಿಸುವುದೇ ಬೇಡ. ಅತ್ತೆಮನೆಯ ದೊಡ್ಡ ಕೋಣೆ. ನಾಲ್ಕು ಕಿಟಕಿ. ಅದರ ಒಂದೊಂದು ಮೂಲೆ ನನಗೆ ಗೊತ್ತು — ಒಂಬತ್ತು ವರ್ಷ ಅಲ್ಲಿ ಚಹಾ ಬಡಿಸಿದ್ದೇನೆ, ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಹರಡಿದ್ದೇನೆ, ಅತಿಥಿಗಳು ಎದ್ದು ಹೋದ ಮೇಲೆ ನೆಲ ಒರೆಸಿದ್ದೇನೆ. ಅಡುಗೆಮನೆ ಮನೆಯ ಆ ಕೊನೆಗೆ. ನಡುವೆ ಉದ್ದದ ಓಣಿ. ಬಿಸಿ ಕೆಟಲ್ ಹಿಡಿದು ಆ ಓಣಿಯಲ್ಲಿ ನಡೆದದ್ದನ್ನು ಒಟ್ಟು ಮಾಡಿದರೆ ದೂರದ ಓಶ್ ಪಟ್ಟಣದ ತನಕ ಹೋಗಿ ಬರಬಹುದಿತ್ತು.

ಫೆಬ್ರವರಿ 14

ಅಪಾ ಹತ್ತಿರ, ಅಂದರೆ ಅತ್ತೆಯ ಹತ್ತಿರ, ಕೋಣೆ ಕೇಳಿದೆ. ಅತ್ತೆ ಹಿಟ್ಟು ನಾದುತ್ತಿದ್ದರು. ತಲೆ ಎತ್ತಲಿಲ್ಲ.

"ಅದು ಏರ್ಮೆಕ್ ಮನೆ ಕಣಮ್ಮ. ಅವನ ಹೆಂಡ್ತೀನ ಕೇಳು."

ಕೇಳುವುದೇನು ಬಂತು. ಜಿಬೆಕ್ ಆಗಲೇ ಫರೀದಾ ಖಾಲಿಕೊವ್ನಾಗೆ ಅದೇ ಕೋಣೆ ಅಂತ ಹೇಳಿಯಾಗಿದೆ.

ಕಿರಿಮಗನಿಗೆ ಮನೆ. ದೊಡ್ಡವರು ಬೇರೆ ಹೋಗಬೇಕು. ನಮ್ಮಲ್ಲಿ ಹಾಗೇ. ನನ್ನ ತವರಿನಲ್ಲೂ ಹಾಗೇ ಆಗಿದೆ. ಯಾರೂ ಮೋಸ ಮಾಡಿಲ್ಲ. ಹೊಟ್ಟೆ ಇನ್ನೂ ಹೆಚ್ಚು ಉರಿಯುವುದು ಅದಕ್ಕೇ — ಬೈಯೋಣ ಅಂದರೆ ಒಬ್ಬರೂ ಸಿಗುವುದಿಲ್ಲ. ಗಂಡ ಮೆಲಿಸ್ ಹತ್ತಿರ ಹೇಳಿಕೊಂಡೆ. "ನಾವು ಹೋಗೋ ಹೊಸ ಫ್ಲಾಟ್ ಇದೆಯಲ್ಲ, ಅದನ್ನ ಮಾಡು" ಅಂದ. ಗಂಡಸರಿಗೆ ಎಲ್ಲವೂ ಸುಲಭ.

ಫೆಬ್ರವರಿ 23

ಫ್ಲಾಟಿಗೆ ಬಂದೆವು. ಆರನೇ ಮಹಡಿ. ಎರಡು ಕೋಣೆ. ನಾನು ಮದುವೆಗೆ ತಂದ ಹಾಸಿಗೆಗಳಲ್ಲಿ ಅರ್ಧವನ್ನು ಅಲ್ಲೇ ದೊಡ್ಡ ಕೋಣೆಯಲ್ಲಿ ಬಿಟ್ಟು ಬಂದೆ. ಇಲ್ಲಿ ಇಡಲು ಜಾಗ ಇಲ್ಲ.

ಜಿಬೆಕ್ ಗೇಟಿನ ತನಕ ಬಂದಳು. ಅತ್ತಳು. ನಿಜವಾಗಿಯೇ ಅತ್ತಳು. ಮೂಗೆಲ್ಲ ಕೆಂಪಾಗಿತ್ತು. ಆಗಲೂ ಚೆನ್ನಾಗಿಯೇ ಕಾಣುತ್ತಾಳೆ, ದರಿದ್ರದವಳು.

ಮಾರ್ಚ್ 2

ಇವತ್ತು ಬರೆಯಲೇಬೇಕು.

ಜಿಬೆಕ್ ಪ್ಲಾನ್ ಹಿಡಿದು ಫ್ಲಾಟಿಗೆ ಬಂದಳು. "ಎಜೆ, ಒಂದ್ಸಲ ಕಣ್ಣಾಡಿಸಿ. ನಾಡಿದ್ದು ಕೆಲಸದವರು ಬರ್ತಾರೆ." ಮೇಜಿನ ಮೇಲೆ ಹರಡಿದಳು. ಬಣ್ಣ ಚೆನ್ನ. ಗೋಡೆಗೆ ತಿಳಿ ಮಣ್ಣಿನ ಬಣ್ಣ, ಉದ್ದಕ್ಕೆ ತಗ್ಗಿನ ಮೇಜು, ಸುತ್ತ ಕೂರಲು ಹಾಸಿಗೆ. ದೀಪಗಳಂತೂ… ನನಗೆ ಹೊಳೆಯುತ್ತಲೇ ಇರಲಿಲ್ಲ. ಉಗುಳು ನುಂಗುತ್ತಾ ನೋಡಿದೆ.

ಆಮೇಲೆ ಕಂಡಿತು. ಕೋಣೆಯ ಆ ಕೊನೆಯ ಗೋಡೆ ಒಡೆದು ಹೊಸ ಬಾಗಿಲು. ನೇರ ಅಡುಗೆಮನೆಗೆ.

"ಚಹಾ ಬಿಸಿ ಬಿಸಿ ಬರತ್ತೆ ಎಜೆ. ಓಣಿ ಸುತ್ತೋದು ತಪ್ಪತ್ತೆ. ಅಪಾಗೂ ಹೇಳಿದೆ, ಖುಷಿಪಟ್ರು."

ಅಪಾಗೆ ಪ್ಲಾನ್ ಓದಲು ಬಾರದು. ಬಿಸಿ ಚಹಾ ಅಂದರೆ ಸಾಕು. ನಾಳೆ ತಂಗಿಯ ಮನೆಗೆ ತಲಾಸ್‌ಗೆ ಹೊರಡುತ್ತಾರೆ, ಬರುವುದು ಎಲ್ಲ ಮುಗಿದ ಮೇಲೆ.

ಆದರೆ ಆ ಗೋಡೆ ತೋರ್. ಬಾಗಿಲಿಂದ ಅತಿ ದೂರದ ಜಾಗ, ಹಿರಿಯರು ಕೂರುವ ಜಾಗ. ಹಿರಿಯರು ಅಲ್ಲಿ ಕೂತರೆ ಉಳಿದವರು ವಯಸ್ಸಿಗೆ ತಕ್ಕಂತೆ ಇತ್ತ ಕಡೆ ಇಳಿಯುತ್ತಾ ಬರುತ್ತಾರೆ, ಬಾಗಿಲ ಬಳಿ ಸೊಸೆ. ಈಗ ಎರಡು ಕೊನೆಗೂ ಬಾಗಿಲು. ತೋರ್ ಎಲ್ಲಿ? ಇಲ್ಲವೇ ಇಲ್ಲ. ಕೋಣೆಯಿಂದ ತೋರನ್ನೇ ಕಿತ್ತುಹಾಕಿದ್ದಾಳೆ, ಮತ್ತು ಅವಳಿಗೆ ಗೊತ್ತೇ ಆಗಿಲ್ಲ. ಫ್ಲಾಟಿನಲ್ಲಿ ಹುಟ್ಟಿ, ಅಡುಗೆಮನೆಯ ಸ್ಟೂಲಿನ ಮೇಲೆ ಉಂಡು ಬೆಳೆದವಳು.

ಬೆರಳು ಆ ಗೆರೆಯ ಮೇಲೇ ಇತ್ತು. ಬಾಯಿ ತೆರೆದೆ.

"ದೀಪ ಚೆನ್ನಾಗಿದೆ" ಅಂದೆ.

ಮಾರ್ಚ್ 3

ಹೇಳಬಹುದು. ಫೋನ್ ಕೈಯಲ್ಲೇ ಇದೆ.

ಮಾರ್ಚ್ 4

ಗೋಡೆ ಒಡೆದರಂತೆ. ಫೋಟೋ ಕಳಿಸಿದ್ದಾಳೆ. ತೂತಿನ ಆಚೆ ಒಲೆ ಕಾಣುತ್ತಿದೆ. ಒಂಬತ್ತು ವರ್ಷ ನಾನು ಓಣಿ ಸುತ್ತಿದೆ, ನನಗಾಗಿ ಒಬ್ಬರೂ ಒಂದು ಇಟ್ಟಿಗೆ ಸರಿಸಲಿಲ್ಲ. ಅವಳಿಗೆ ವರ್ಷ ತುಂಬುವ ಮೊದಲೇ ಬಾಗಿಲು. ತಪ್ಪು ಬಾಗಿಲೇ ಇರಲಿ. ಅದರ ಮೇಲೂ ಹೊಟ್ಟೆಕಿಚ್ಚು ನನಗೆ.

ಮಾರ್ಚ್ 21

ನೂರೂಜ್ ಹಬ್ಬ. ನನ್ನ ಕೋಣೆ ಮುಗಿಯಿತು. ಸಣ್ಣದು, ಆದರೆ ಎಂಟು ಜನ ಕೂರಬಹುದು. ಕಿಟಕಿಯ ಕೆಳಗೆ ಹಾಸಿಗೆ ಒಟ್ಟುವ ಗೂಡು ಮಾಡಿದೆ. ಫರೀದಾ ಖಾಲಿಕೊವ್ನಾ ಬಂದು ಕೂತರು, ಚಹಾ ಕುಡಿದರು, ಗೋಡೆ ಸವರಿದರು. "ತಪ್ಪಿಲ್ಲ" ಅಂದರು. ಅಚ್ಚುಕಟ್ಟಿನಿಂದ ತಪ್ಪಿಲ್ಲಕ್ಕೆ ಬಂದಿದ್ದೇನೆ. ಬಡ್ತಿ.

ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು — ಜಿಬೆಕ್‌ಳ ಕೋಣೆ ಎಲ್ಲಿಗೆ ಬಂತು?

ನನ್ನ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರು!

ಏಪ್ರಿಲ್ 12, ಶನಿವಾರ. ಸಂಜೆ

ದೊಡ್ಡ ಕೋಣೆಯ ಔತಣ. ಕುರಿ ಕಡಿದಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ. ಫರೀದಾ ಖಾಲಿಕೊವ್ನಾ ಕೂಡ, ಹೊಸ ಶಾಲು ಹೊದ್ದು. ಅಪಾ ನಿನ್ನೆಯಷ್ಟೇ ಊರಿಂದ ಬಂದವರು, ಗೋಡೆಯ ಬಣ್ಣ ನೋಡಿ ಕಣ್ಣರಳಿಸಿ ಓಡಾಡುತ್ತಿದ್ದರು. ಎಲ್ಲರೂ ಒಳಗೆ ಬರುತ್ತಲೇ "ಓಹ್" ಅಂದರು. ಆ ಒಂದೊಂದು "ಓಹ್" ನನಗೆ ಸೂಜಿ.

ಜಾಪರ್ ಅತಾ ಬಂದರು. ಮಾವನ ಅಣ್ಣ, ಎಲ್ಲರಿಗಿಂತ ಹಿರಿಯರು. ಅಭ್ಯಾಸದಂತೆ ಆ ಕೊನೆಗೆ ಹೋಗಿ ಕೂತರು. ಕೂತದ್ದೇ ತಡ, ಬೆನ್ನ ಹಿಂದೆ ಬಾಗಿಲು ತೆಗೆದು ಏರ್ಮೆಕ್ ಬೋರ್ಸೋಕ್ ತಟ್ಟೆ ತಂದ. ಅತಾ ಸರಿದರು. ಆಮೇಲೆ ಕೆಟಲ್. ಮತ್ತೆ ಸರಿದರು. ಆಮೇಲೆ ಜಿಬೆಕ್ ಸಾರಿನ ಪಾತ್ರೆ ಹಿಡಿದು "ಸ್ವಲ್ಪ ದಾರಿ ಅತಾ" ಅಂದಳು. ಸೊಸೆಯಾದವಳು, ತೋರಿನಲ್ಲಿ ಕೂತವರಿಗೆ ದಾರಿ ಬಿಡಿ ಅಂದಳು!

ಅತಾ ಎದ್ದರು. ಈಚೆ ಕೊನೆಗೆ ಬಂದರು. ಇಲ್ಲಿ ಎಲ್ಲರ ಬೂಟು. ಕೋಣೆಯ ನಡುವೆ ಬಂದು ನಿಂತರು. ಅವರು ಕೂರದೆ ಉಳಿದವರು ಹೇಗೆ ಕೂರುತ್ತಾರೆ? ಕೂತವರೂ ಎದ್ದರು. ಎಲ್ಲರೂ ಮದುವೆ ಫೋಟೋಗೆ ನಿಂತ ಹಾಗೆ. ಮಾಂಸ ಬಂತು. ಹಿರಿಯರಿಗೆ ಸಲ್ಲುವ ಸೊಂಟದ ಮೂಳೆಯ ತಟ್ಟೆ ಹಿಡಿದು ಏರ್ಮೆಕ್ ಅತ್ತ ನೋಡಿದ, ಇತ್ತ ನೋಡಿದ.

ಅತಾ ಮೆಲ್ಲಗೆ ಕೇಳಿದರು. "ನನ್ನ ಕರ್ದಿದ್ದು ಉಣ್ಣೋಕಾ ಏರ್ಮೆಕ್, ಬಾಗ್ಲು ಕಾಯೋಕಾ?"

ಕೆಲವರು ಮುಖ ತಗ್ಗಿಸಿ ಒಳಗೊಳಗೇ ನಕ್ಕರು. ಅಪಾ ಮುಖ ಸುಣ್ಣ. ಜಿಬೆಕ್ ಪಾತ್ರೆ ಹಿಡಿದು ಎರಡು ಬಾಗಿಲನ್ನೂ ಒಂದಾದ ಮೇಲೊಂದು ನೋಡಿದಳು. ಅವಳಿಗೆ ಅರ್ಥವಾದ ಗಳಿಗೆ ನನಗೆ ಕಂಡಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳು ಯಾಕೆ ಬರೆಯಲಿ.

ಅಪಾ ನನ್ನ ತೋಳು ಹಿಡಿದರು. "ತುರ್ಸುನಾಯ್, ಏನಾದ್ರೂ ಮಾಡೇ."

ಮಾಡಿದೆ. ಅಡುಗೆಮನೆ ಬಾಗಿಲಿಗೆ ಚಿಲಕ ಹಾಕಿದೆ. ಮೂಲೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ಎತ್ತಿ ಅದಕ್ಕೆ ಅಡ್ಡ ಒಟ್ಟಿದೆ, ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಬಾಗಿಲು ಮಾಯ, ಗೋಡೆ ವಾಪಸ್. ಅದರ ಮುಂದೆ ದಪ್ಪ ದಿಂಬು ಇಟ್ಟು "ಕೂತ್ಕೊಳ್ಳಿ ಅತಾ" ಅಂದೆ. ಕೂತರು. ಎಲ್ಲರೂ ಕೂತರು. "ಇವಳು ಸೊಸೆ ಅಂದ್ರೆ" ಅಂತ ಯಾರೋ ಅಂದರು.

ಆಮೇಲೆ ಸಂಜೆಯ ತನಕ ಓಣಿ ಸುತ್ತಿ ಚಹಾ ತಂದವಳು ನಾನೇ. ಕಾಲು ನೋಯುತ್ತಿದೆ. ಮನಸ್ಸು ಕುಣಿಯುತ್ತಿದೆ. ಫರೀದಾ ಖಾಲಿಕೊವ್ನಾ ಹೋಗುವಾಗ ನನ್ನನ್ನೇ ನೋಡಿದರು, ಬಹಳ ಹೊತ್ತು. "ಎಷ್ಟು ಬೇಗ ಹೊಳೀತು ನಿಂಗೆ" ಅಂದರು.

ಜಾಗ ನನ್ನದೇ.

ಏಪ್ರಿಲ್ 13

ಜಿಬೆಕ್ ಬಂದಿದ್ದಳು. ಕಣ್ಣು ಊದಿಕೊಂಡಿತ್ತು. ಆದರೂ ನಿನ್ನೆ ಉಳಿದ ಮಾಂಸ ಕಟ್ಟಿಕೊಂಡು ಬಂದಿದ್ದಾಳೆ, ನನ್ನ ಹುಡುಗಿಯರಿಗೆ. ನಿನ್ನೆ ನೀವಿಲ್ಲದಿದ್ದರೆ ನನ್ನ ಗತಿ ಏನಾಗ್ತಿತ್ತು ಅಂತ ಕೈ ಹಿಡಿದು ಹೇಳಿದಳು. ಅಪಾ ಅವಳ ಹತ್ತಿರ ಮಾತಾಡುತ್ತಿಲ್ಲವಂತೆ. ಆಮೇಲೆ ಕೇಳಿದಳು.

"ಎಜೆ, ನಿಮಗೂ ಪ್ಲಾನಲ್ಲಿ ಅದು ಕಂಡಿರ್ಲಿಲ್ಲ ಅಲ್ವಾ?"

"ಇಲ್ಲ."

"ಅದೇ ಅಂದ್ಕೊಂಡೆ. ಕಂಡಿದ್ರೆ ನೀವು ಹೇಳ್ತಿದ್ರಿ."

ಎಷ್ಟು ಸಲೀಸಾಗಿ ನಂಬಿದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ಇಷ್ಟು ನಂಬಿಕೆ ಇಡಲು ಇವಳಿಗೆ ಯಾರು ಹೇಳಿದ್ದು? ಇದರಲ್ಲೂ ನನಗಿಂತ ಮೇಲೆ.

ಏಪ್ರಿಲ್ 16, ಮಧ್ಯಾಹ್ನ

ತರಗತಿ ಮುಗಿದ ಮೇಲೆ ಫರೀದಾ ಖಾಲಿಕೊವ್ನಾ ನನ್ನನ್ನು ನಿಲ್ಲಿಸಿದರು. ಸ್ಟುಡಿಯೋ ಮಾತು ಅಂದುಕೊಂಡೆ. ಹೌದು, ಅದೇ ಮಾತು.

ಜಿಬೆಕ್ ಅವರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡಿದ್ದಾಳೆ. ಒಪ್ಪಿಕೊಳ್ಳುತ್ತಾ, ಪಾಪ, ನನ್ನನ್ನೂ ಎಳೆದಿದ್ದಾಳೆ — "ಒಂಬತ್ತು ವರ್ಷ ಆ ಮನೇಲಿದ್ದ ಎಜೆಗೂ ಕಾಣ್ಲಿಲ್ಲ, ಇನ್ನು ನಂಗೆಲ್ಲಿಂದ?" ಕೆಟ್ಟ ಬುದ್ಧಿಯಿಂದ ಅಲ್ಲ. ಅವಳಿಗೆ ಕೆಟ್ಟ ಬುದ್ಧಿಯೇ ಇಲ್ಲ. ಇದ್ದಿದ್ದರೆ ಅವಳ ಸಮಕ್ಕೆ ಬರುವುದು ನನಗೆ ಸುಲಭವಾಗುತ್ತಿತ್ತು.

ಫರೀದಾ ಖಾಲಿಕೊವ್ನಾ ಬಣ್ಣದ ಪಟ್ಟಿಗಳನ್ನು ಜೋಡಿಸುತ್ತಾ ಮಾತಾಡಿದರು.

"ಅವಳಿಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲದವರಿಗೆ ಕಲಿಸಬಹುದು. ನೀನು ಅಲ್ಲೇ ಬದುಕಿದವಳು. ಪ್ಲಾನ್ ನೋಡಿಯೂ ನಿಂಗೆ ಕಾಣ್ಲಿಲ್ಲ ಅಂದ್ರೆ ನಾನು ಏನು ಕಲಿಸ್ಲಿ?"

ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡೆ.

"ಅಥವಾ ಕಂಡಿತ್ತು" ಅಂದರು. "ಶನಿವಾರ ಚಿಲಕ ಹಾಕಿದ ಕೈ ಯೋಚನೆ ಮಾಡಿದ ಕೈ ಥರ ಇರ್ಲಿಲ್ಲ. ಮೊದಲೇ ಗೊತ್ತಿದ್ದ ಹಾಗಿತ್ತು. ಶುಕ್ರವಾರ ಹತ್ತಕ್ಕೆ ಬಾ. ಅವಳೂ ಬರ್ತಾಳೆ. ಒಂದೇ ಪ್ರಶ್ನೆ ಕೇಳ್ತೀನಿ."

ಏಪ್ರಿಲ್ 17

ಅನ್ನ ಸೀದುಹೋಯಿತು. ಮೆಲಿಸ್ ಏನಾಯಿತು ಅಂದ. ಏನಿಲ್ಲ ಅಂದೆ.

ಕಂಡಿರಲಿಲ್ಲ ಅಂದರೆ ನಾನು ಕುರುಡಿ. ಜಾಗ ಹೋಯಿತು, ಅವಳಿಗೇ ಹೋಯಿತು — ಕಣ್ಣಿರುವವಳಿಗೆ. ಮರ್ಯಾದೆ ಉಳಿಯುತ್ತದೆ. ಅಪಾ ನನ್ನನ್ನು ಹೊಗಳುತ್ತಲೇ ಇರುತ್ತಾರೆ, ಜಿಬೆಕ್ ಹಬ್ಬಕ್ಕೆ ಮಾಂಸ ಕಟ್ಟಿಕೊಂಡು ಬರುತ್ತಲೇ ಇರುತ್ತಾಳೆ.

ಕಂಡಿತ್ತು ಅಂದರೆ… ಅವಳ ಎದುರಿಗೇ ಹೇಳಬೇಕು. ಸಂಜೆಯೊಳಗೆ ಅಪಾಗೆ ಗೊತ್ತಾಗುತ್ತದೆ. ಮೆಲಿಸ್‌ಗೆ. ಜಾಪರ್ ಅತಾಗೆ. ತನ್ನ ಮನೆಯ ಹಿರಿಯನನ್ನು ನಿಂತಲ್ಲೇ ನಿಲ್ಲಿಸಿ ಮಜಾ ನೋಡಿದ ಸೊಸೆ. ಮತ್ತೆ ಇಷ್ಟೆಲ್ಲ ಹೇಳಿದರೂ ಜಾಗ ಸಿಗುತ್ತದೆಯೇ? ಅಂಥವಳನ್ನು ಯಾರು ಇಟ್ಟುಕೊಳ್ಳುತ್ತಾರೆ.

ಎರಡರಲ್ಲೂ ನಷ್ಟ. ಲೆಕ್ಕ ಸ್ಪಷ್ಟ. ಬಾಯಿ ಮುಚ್ಚಿಕೊಂಡು "ಇಲ್ಲ" ಅನ್ನುವುದೇ ಬುದ್ಧಿವಂತಿಕೆ.

ಆದರೆ ಅವಳಿಗೆ ಕಣ್ಣಿದೆ, ನನಗಿಲ್ಲ ಅಂತ ಆ ಹೆಂಗಸು ಜೀವನಪೂರ್ತಿ ಅಂದುಕೊಂಡಿರಬೇಕಾ?

ಏಪ್ರಿಲ್ 18, ಬೆಳಿಗ್ಗೆ 9:50

ಸ್ಟುಡಿಯೋ ಹೊರಗಿನ ಬೆಂಚು. ಜಿಬೆಕ್ ನನಗಿಂತ ಮೊದಲೇ ಬಂದಿದ್ದಾಳೆ. ಪಕ್ಕದಲ್ಲಿ ಚೀಲ ಇಟ್ಟು ನನಗೆ ಜಾಗ ಹಿಡಿದಿದ್ದಳು. ಏನು ಬರೀತೀರಿ ಅಂದಳು. ಮನೆಗೆ ತರಬೇಕಾದ ಸಾಮಾನು ಅಂದೆ. ನನ್ನ ಕಾಲರ್ ಮಡಚಿಕೊಂಡಿತ್ತಂತೆ, ಸರಿ ಮಾಡಿದಳು. "ಹೆದರ್ಬೇಡಿ ಎಜೆ. ನಿಮಗೇ ಕೊಡಿ ಅಂತ ನಾನು ಆಗ್ಲೇ ಹೇಳಿದೀನಿ."

ನನಗೇ ಕೊಡಿ ಅಂದಳಂತೆ. ಇವಳು ಕೊಡಿಸಬೇಕಂತೆ ನನಗೆ.

ಬಾಗಿಲು ತೆರೆಯಿತು. ಇಬ್ಬರನ್ನೂ ಕರೆಯುತ್ತಿದ್ದಾರೆ. ಹೇಳಿಬಿಡುತ್ತೇನೆ. ಕೆಟ್ಟವಳು ಅನ್ನಲಿ. ಕಂಡಿತ್ತು ಅಂತ, ಅವಳು ಕಾಗದ ಬಿಡಿಸಿದ ಗಳಿಗೆಯಲ್ಲೇ, ನನ್ನ ಬೆರಳು ಅದರ ಮೇಲೇ —