ತನ್ನಷ್ಟಕ್ಕೆ ನಿಲ್ಲುವ ಬ್ಯಾಗು

ಬಂಟ್ವಾಳ ಪೇಟೆ,
೧೨ ಮೇ ೨೦೨೪, ಆದಿತ್ಯವಾರ

ಪ್ರೀತಿಯ ಸೊಸೆ ದೀಕ್ಷಾ,

ಹೇಗಿದ್ದೀ ಮಗಾ? ನಿನ್ನ ಅಮ್ಮನ ಮೊಣಕಾಲು ನೋವು ಇಳಿಯಿತೇ? ನೆರಿಯದ ಆ ಮನೆಯಲ್ಲಿ ಅಂಗಳಕ್ಕೆ ಇಳಿಯಲಿಕ್ಕೂ ಒಂಬತ್ತು ಮೆಟ್ಟಿಲು, ಅವರನ್ನು ಸುಮ್ಮನೆ ಓಡಾಡಲು ಬಿಡಬೇಡ. ನಾವು ಕ್ಷೇಮ. ನಿನ್ನ ಅತ್ತೆ ದಿನಕ್ಕೆರಡು ಸಲ ನಿನ್ನ ಹೆಸರು ತೆಗೆದು ನನ್ನ ಮುಖ ನೋಡುತ್ತಾಳೆ. ಫೋನು ಮಾಡಿದರೆ ನೀನು ‘ಹಾಂ ಮಾವ, ಆಯ್ತು ಮಾವ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆದು ಸಂದೇಶನ ಕೈಯಲ್ಲಿ ಕಳುಹಿಸುತ್ತಿದ್ದೇನೆ, ಗಂಡ ತಂದುಕೊಟ್ಟ ಪತ್ರವನ್ನಾದರೂ ಪೂರ್ತಿ ಓದುತ್ತೀಯಲ್ಲ. ಈ ಕಾಗದ ಯಾಕೆ ಜಾತಕದ ಸುರುಳಿಯ ಹಾಗೆ ಉದ್ದವಾಗಿದೆ ಎಂದು ಈಗಲೇ ಕೇಳಬೇಡ.

ಸುದ್ದಿ ಏನೆಂದರೆ, ಮಾಜಿದಾ ಟೀಚರಿಗೆ ನೀನು ಹೊಲಿದು ಕೊಡುತ್ತೇನೆಂದಿದ್ದ ಬ್ಯಾಗನ್ನು ನಾನೇ ಕೈಗೆತ್ತಿಕೊಂಡೆ. ಶಾಲೆ ಶುರುವಾಗುವುದರೊಳಗೆ ಅವರಿಗೆ ಬೇಕು. ನಲವತ್ತೊಂದು ವರ್ಷ ರವಿಕೆ ಹೊಲಿದವನಿಗೆ ಒಂದು ಬ್ಯಾಗು ಯಾವ ಮಹಾ ಎಂದುಕೊಂಡೆ. ಪುಣ್ಯಕ್ಕೆ ಅವರು ಕೊಟ್ಟ ನೀಲಿ ಬಟ್ಟೆಯನ್ನು ಮುಟ್ಟಲಿಲ್ಲ. ಹಳೆಯ ಪ್ಯಾಂಟೊಂದನ್ನು ಬಿಚ್ಚಿ, ಸೀಮೆಸುಣ್ಣದಲ್ಲಿ ಕಣ್ಣಳತೆಗೆ ಗೆರೆ ಎಳೆದು ಕತ್ತರಿ ಹಾಕಿದೆ. ಹೊಲಿದು ಮುಗಿಸಿದಾಗ ನಿನ್ನ ಅತ್ತೆ ಬಂದು ಎತ್ತಿ ನೋಡಿ, ‘ಇದು ಯಾರ ರವಿಕೆ ಮಾರಾಯ್ರೆ? ಕೈ ಇಡ್ಲಿಕ್ಕೆ ಮರೆತು ಹೋಯ್ತಾ?’ ಎಂದಳು. ನೋಡಿದರೆ ನಿಜ! ಅಭ್ಯಾಸಬಲದಲ್ಲಿ ಎರಡೂ ಬದಿಗೆ ರವಿಕೆಯ ಎದೆಗೆ ಹಿಡಿಯುವ ಮಡಿಕೆ, ಅದೇ ಟಕ್ಸ್, ಹಿಡಿದುಬಿಟ್ಟಿದ್ದೆ. ನೀನು ನಗುತ್ತಿರಬಹುದು, ನಗು. ಎರಡನೆಯದಕ್ಕೆ ಟಕ್ಸ್ ಇರಲಿಲ್ಲ, ಆದರೆ ಬುತ್ತಿ ಡಬ್ಬಿ ಇಟ್ಟ ಕೂಡಲೇ ಕುಡುಕನ ಹಾಗೆ ಅಡ್ಡ ಬಿತ್ತು. ಬಟ್ಟೆ ಸರಿಯಿಲ್ಲ ಎಂದು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಆಗ ನೀನು ಹೇಳಿದ್ದು ನೆನಪಾಯಿತು. ‘ಮಾವ, ರವಿಕೆಯ ಒಳಗೆ ಮನುಷ್ಯರು ಇರ್ತಾರೆ, ಬ್ಯಾಗಿನ ಒಳಗೆ ಯಾರೂ ಇಲ್ಲ. ಅದು ತನ್ನಷ್ಟಕ್ಕೆ ನಿಲ್ಬೇಕು.’ ಅಂದು ನನಗೆ ಇದು ದೊಡ್ಡ ಬಾಯಿಯ ಮಾತಾಗಿ ಕೇಳಿಸಿತ್ತು. ಈಗ ನೀನು ಮಾಡಿದಂತೆಯೇ ಮಾಡಿದೆ. ಮೇಜಿನ ಮೇಲೆ ಹತ್ತು ನೋಟು ಪುಸ್ತಕ, ಬುತ್ತಿ ಡಬ್ಬಿ, ನೀರಿನ ಬಾಟಲಿ, ಮಡಚುವ ಕೊಡೆ ಇಟ್ಟು, ಅವುಗಳ ಸುತ್ತ ಟೇಪು ಹಿಡಿದು ಅಳೆದೆ. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ತಂದು, ಬ್ಯಾಗಿನ ಎದುರಿಗೆ ಒಂದು, ಹಿಂದಕ್ಕೆ ಒಂದು ಅಳತೆಯ ತುಂಡು ಬರೆದು ಕತ್ತರಿಸಿದೆ. ಮೂರನೆಯದೇ ಮುಖ್ಯ. ಒಂದು ಬದಿಯಿಂದ ಇಳಿದು, ತಳವಾಗಿ ಹಾಯ್ದು, ಇನ್ನೊಂದು ಬದಿಗೆ ಏರುವ ಉದ್ದ ಪಟ್ಟಿ. ಹೊಲಿಗೆಗೆ ಎಲ್ಲ ಕಡೆ ಅರ್ಧ ಇಂಚು ಬಿಟ್ಟೆ. ಆ ಅಳತೆಯಲ್ಲಿ ಹಳೆಯ ಬಟ್ಟೆಯಲ್ಲೇ ಹೊಲಿದ ಮೂರನೆಯ ಬ್ಯಾಗು ಈಗ ಕಟಿಂಗ್ ಮೇಜಿನ ಮೇಲೆ ಖಾಲಿಯಾಗಿಯೇ ನೆಟ್ಟಗೆ ನಿಂತಿದೆ. ಮೂರು ದಿನದಿಂದ ಹೋಗಿ ಬಂದು ಅದನ್ನೇ ನೋಡುತ್ತಿದ್ದೇನೆ. ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದವನಿಗೆ ನಾಲ್ಕನೆಯದು ಕಂಡಿತು.

ಇನ್ನೊಂದು ಮಾತು. ನೀನು ಎರಡು ದಿನ ಕೂತು ಬ್ಯಾಗಿಗೆಂದು ಪೇಪರಿನಲ್ಲಿ ಬರೆದು ಕತ್ತರಿಸಿಟ್ಟಿದ್ದ ಅಳತೆಯ ತುಂಡುಗಳಲ್ಲಿ ನಾನು ಗಿರಾಕಿಯ ರವಿಕೆ ಸುತ್ತಿ ಕೊಟ್ಟೆ. ನೀನು ಹುಡುಕಿದಾಗ ‘ಹಳೆ ಪೇಪರ್ ಅಂತ ಗ್ರಹಿಸಿದೆ’ ಎಂದೆ. ಅದು ಸುಳ್ಳು. ನಿನ್ನ ಪೆನ್ಸಿಲ್ ಗೆರೆ ನನಗೆ ಕಂಡಿತ್ತು. ಅಂಗಡಿಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ‘ದೀಕ್ಷಾ ಇಲ್ವಾ?’ ಎಂದು ಕೇಳತೊಡಗಿದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ನೀನು ಅಮ್ಮನ ಮೊಣಕಾಲಿನ ನೆಪ ಹಿಡಿದು ಹೋದೆ. ಇನ್ನು ನಮ್ಮ ಅಂಗಡಿಯಲ್ಲಿ ಕೂರುವುದಿಲ್ಲ, ಬೆಳ್ತಂಗಡಿಯ ಬಟ್ಟೆ ಅಂಗಡಿಗೆ ಸೇರುತ್ತೀ ಎಂದು ಸಂದೇಶ ಹೇಳಿದ. ತಪ್ಪು ನನ್ನದು ಮಗಾ, ಕ್ಷಮಿಸು. ಕಿಟಕಿಯ ಬಳಿಯ ಮೆಷಿನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದೇನೆ. ಅದು ನಿನ್ನದೇ, ಅದರಲ್ಲಿ ನಾನು ಕೂರುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೈಗೆ ಇನ್ನೂ ಒಳ್ಳೆಯ ಕೆಲಸ ಒದಗಲಿ ಎಂದು ಹರಸುವ

ನಿನ್ನ ಮಾವ,
ಶೇಖರ

ವಿ.ಸೂ.: ಸಂದೇಶ ಚಪ್ಪಲಿ ಹಾಕಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ಈ ಕಾಗದವನ್ನು ತಿರುಗಿಸಿ ನೋಡು, ಅಂಚಿನಲ್ಲಿ ಹೊಲಿಗೆಯ ಗೆರೆ, ಮೂಲೆ ತಿರುಗಿಸುವ ಗುರುತು ಕಾಣುತ್ತದೆ. ಇದೇ ಆ ಉದ್ದ ಪಟ್ಟಿ. ಬೇರೆ ಕಾಗದ ಇಲ್ಲದೆ ಇದರಲ್ಲಿ ಬರೆದದ್ದಲ್ಲ. ನಕಲು ಇಟ್ಟುಕೊಂಡಿಲ್ಲ. ಈ ಪಟ್ಟಿ ವಾಪಸು ಬರದೆ ಟೀಚರ ನೀಲಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಸಂದೇಶನ ಕೈಯಲ್ಲಿ ಕಳುಹಿಸಬೇಡ, ನೀನೇ ತಾ.