ಅಟ್ಟೆಯೊಳಗಿನ ಮುಖ

ಅಥಣಿ
೧೪ ಅಕ್ಟೋಬರ್ ೧೯೮೮

ಪ್ರೀತಿಯ ತುಕಾರಾಮಣ್ಣನಿಗೆ,

ತಂಗಿ ಶೇವಂತಾಳ ನಮಸ್ಕಾರ. ಇಚಲಕರಂಜಿಯ ಮಗ್ಗದ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಚಹಾ ಕುಡಿದೇ ದಿನ ದೂಡುತ್ತೀಯೋ? ಮಳೆ ನಿಂತ ಮೇಲೆ ಅಪ್ಪನ ಮೊಣಕಾಲು ನೋವು ತುಸು ಇಳಿದಿದೆ. ನನಗೇನಾಗಿದೆ, ಗಟ್ಟಿಯಾಗಿದ್ದೇನೆ. ಅದರಲ್ಲೂ ಈ ನಾಲ್ಕು ದಿನದಿಂದ ಎರಡು ರೊಟ್ಟಿ ಹೆಚ್ಚಿಗೇ ತಿನ್ನುತ್ತಿದ್ದೇನೆ. ಯಾಕೆಂದರೆ ಅಪ್ಪಾಸಾಬನ ಚಪ್ಪಲಿ ಅಂಗಡಿಗೆ ಬೀಗ ಬಿದ್ದಿದೆ. ಬೀಳುವಂತೆ ಮಾಡಿದವಳು ನಾನು.

ಎರಡು ವರ್ಷದ ಹಿಂದಿನ ಆ ಸಂತೆಯ ದಿನ ನಿನಗೂ ಮರೆತಿರಲಾರದು. ಆದರೂ ಬರೆಯುತ್ತೇನೆ, ಬರೆದಷ್ಟೂ ನನ್ನ ಹೊಟ್ಟೆಯ ಉರಿ ತಣಿಯುತ್ತದೆ. ನಮ್ಮ ಮನೆಯಲ್ಲಿ ಹೊಲಿಸಿಕೊಂಡು ಅಪ್ಪಾಸಾಬ ಮುಂಬಯಿಗೆ ಕಳಿಸಿದ ಚಪ್ಪಲಿಗಳು ಅಲ್ಲಿನ ಮೊದಲ ಮಳೆಗೇ ಉಬ್ಬಿ ಬಾಯಿ ಬಿಟ್ಟು ವಾಪಸು ಬಂದವು. ಅಡಿಯ ಎರಡು ಅಟ್ಟೆಗಳ ನಡುವೆ ತೊಗಲಿನ ಬದಲು ರಟ್ಟು ತುಂಬಿತ್ತು. ಅಪ್ಪಾಸಾಬ ಅವನ್ನೆಲ್ಲ ದಾರಕ್ಕೆ ಪೋಣಿಸಿ, ನಡು ಸಂತೆಯಲ್ಲಿ ನಮ್ಮ ಅಪ್ಪನ ಕೊರಳಿಗೆ ಹಾಕಿದ. "ನೋಡ್ರಿ, ಜಕ್ಕಪ್ಪ ಉಸ್ತಾದನ ಕೈಗುಣ!" ಎಂದು ಕೂಗಿ ಹೇಳಿದ. ಮೂವತ್ತು ವರ್ಷ ತೊಗಲನ್ನು ದೇವರಂತೆ ಕಂಡ ಅಪ್ಪ ತುಟಿ ಬಿಚ್ಚಲಿಲ್ಲ, ತಲೆ ಬಗ್ಗಿಸಿ ನಿಂತ. ಅಂದಿನಿಂದ ತೊಗಲು ಕೊಯ್ಯುವ ರಂಪಿಗೆ ಕೈಗೆತ್ತಿಕೊಂಡಿಲ್ಲ. "ಸುಮ್ನ ನಿಂತಂವನ ಮಾರಿ ನನಗ ನೋಡಾಕ ಆಗೂದಿಲ್ಲ" ಎಂದು ನೀನು ಮರುದಿನವೇ ಬಸ್ಸು ಹತ್ತಿದೆ. ನಾನು ಎಲ್ಲಿಗೆ ಹೋಗಲಿ?

ನಮ್ಮ ಕಸುಬಿನಲ್ಲಿ ಗುಟ್ಟುಗಳಿರುವುದು ಹೊಸದಲ್ಲ. ಕೊಲ್ಹಾಪುರಿ ಎಂದು ಕೊಂಡುಹೋಗುವವರಿಗೆ ಅದು ನಮ್ಮ ಓಣಿಯಲ್ಲಿ ಹುಟ್ಟಿದ್ದು ಎಂದು ಯಾರೂ ಹೇಳುವುದಿಲ್ಲ. ನಡೆದಾಗ ಬರುವ ಕರ್ ಕರ್ ಸಪ್ಪಳ ಅಟ್ಟೆಗಳ ನಡುವೆ ನಾವು ಇಟ್ಟ ಬೀಜದ್ದು ಎಂದೂ ಹೇಳುವುದಿಲ್ಲ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ರಟ್ಟಿನ ಗುಟ್ಟು ಯಾರದ್ದು ಎಂದು ನಾನು ಕಣ್ಣಾರೆ ನೋಡಬೇಕಿತ್ತು. ಅಪ್ಪ ರಟ್ಟು ಹಾಕುವವನಲ್ಲ, ನನ್ನ ಗುಮಾನಿ ಅಪ್ಪಾಸಾಬನ ಮೇಲೆಯೇ ಇತ್ತು. ಅದಕ್ಕೇ ಕಳೆದ ಫೆಬ್ರುವರಿಯಲ್ಲಿ ಅಪ್ಪಾಸಾಬನ ಬಾಗಿಲಿಗೆ ಹೋಗಿ ಕೈ ಮುಗಿದು ನಿಂತೆ. "ಹೊಟ್ಟಿಗಿಲ್ಲರಿ ಸಾವ್ಕಾರ್ರ, ಕೆಲಸಾ ಕೊಡ್ರಿ" ಎಂದೆ. ಚಪ್ಪಲಿಯ ಪಟ್ಟಿಗೆ ನಾನು ಹಾಕುವ ಜಡೆ ಹೆಣಿಗೆ ಅವನಿಗೆ ಮೊದಲೇ ಗೊತ್ತು. ಮೀಸೆಯೊಳಗೇ ನಕ್ಕು ಒಳಗೆ ಕರೆದ. ಆ ನಗೆಯನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಒಳಗಿನ ಕೋಣೆಯಲ್ಲಿ ರಾಜಾರೋಷವಾಗಿಯೇ ನಡೆದಿತ್ತಣ್ಣಾ. ಮೇಲೊಂದು, ಕೆಳಗೊಂದು ಒಳ್ಳೆಯ ತೊಗಲು; ನಡುವೆ ಮಿಠಾಯಿ ಡಬ್ಬಿಯ ರಟ್ಟು, ಹಳೆಯ ಕ್ಯಾಲೆಂಡರಿನ ರಟ್ಟು. "ಒಳಗ ಯಾರ್ ಇಣಿಕಿ ನೋಡ್ತಾರ?" ಎಂದು ಅವನೇ ಹೇಳುತ್ತಿದ್ದ. ಒಂದು ದಿನ ರಟ್ಟು ಮುಗಿಯಿತು. ಉಗ್ರಾಣದ ಮೂಲೆಯಲ್ಲಿ ಅವನು ಚುನಾವಣೆಗೆ ನಿಂತು ಸೋತಾಗಿನ ಹಲಗೆಗಳು ಬಿದ್ದಿದ್ದವು. ಕಂಬಕಂಬಕ್ಕೆ ಕಟ್ಟಿಸಲು ಮಾಡಿಸಿದ್ದು, ಎಲ್ಲವೂ ದಪ್ಪ ರಟ್ಟು, ಎಲ್ಲದರ ಮೇಲೂ ಕೈ ಮುಗಿದು ನಗುವ ಅವನದೇ ಮುಖ. ನಾನು ಯಾರನ್ನೂ ಕೇಳಲಿಲ್ಲ. ತಂದು ಕತ್ತರಿಸತೊಡಗಿದೆ. ಪಕ್ಕದಲ್ಲಿ ಕೂರುತ್ತಿದ್ದ ಸಕ್ಕುಬಾಯಿ, ಅವನಿಂದ ಹತ್ತು ವರ್ಷ ಬೈಸಿಕೊಂಡವಳು, ಒಂದು ಗಳಿಗೆ ನೋಡಿ ಮೆಲ್ಲಗೆ ಅಂದಳು: "ಮೂಗ ಕತ್ತರಿಸಬ್ಯಾಡ ಬೇ, ಪೂರಾ ಮಾರಿ ಬರ್ಲಿ." ಹಾಗೇ ಮಾಡಿದೆ. ಹಣೆ ಬೆರಳ ಕಡೆಗೆ, ಮೀಸೆ ಹಿಮ್ಮಡಿಗೆ. ಕಾಗವಾಡ, ರಾಯಬಾಗ, ನಿಪ್ಪಾಣಿಯ ಮಂದಿ ಅವನ ಮುಖವನ್ನು ತುಳಿಯುತ್ತ ತಿರುಗಿದರು. ಅದನ್ನು ನೆನೆದು ಒಬ್ಬಳೇ ಎಷ್ಟು ನಕ್ಕಿದ್ದೇನೋ.

ಸೋಮವಾರ ಮುಂಬಯಿಯಿಂದ ದೊಡ್ಡ ವ್ಯಾಪಾರಿ ಬಂದ. ಪರದೇಶಕ್ಕೆ ಕಳಿಸುವ ಮಾತು. ಅಪ್ಪಾಸಾಬ ಓಣಿಯ ಉಸ್ತಾದರನ್ನೆಲ್ಲ ಕರೆಸಿ ಸಾಲಾಗಿ ನಿಲ್ಲಿಸಿದ್ದ, ತನ್ನ ದೊಡ್ಡಸ್ತಿಕೆ ಕಾಣಲೆಂದು. ಕಪಾಟಿನಿಂದ ಒಂದು ಜೋಡು ತೆಗೆದು, "ಅಸ್ಸಲ ತೊಗಲ, ಒಳಗೂ ಹೊರಗೂ" ಎಂದ. ನಾನು ಎದ್ದು ಹೋಗಿ ಆ ಚಪ್ಪಲಿಯನ್ನು ಅವನ ಕೈಯಿಂದಲೇ ತೆಗೆದುಕೊಂಡೆ. ರಂಪಿಗೆಯಿಂದ ಹೊಲಿಗೆ ಸೀಳಿ, ಅಟ್ಟೆ ಬಿಡಿಸಿ, ವ್ಯಾಪಾರಿಯ ಮುಂದೆ ಹಿಡಿದೆ. ಅವನು ರಟ್ಟನ್ನು ಎಳೆದು ತಿರುಗಿಸಿ ನೋಡಿದ. ಆಮೇಲೆ ಅಪ್ಪಾಸಾಬನನ್ನು ನೋಡಿದ. "ಹೇ ತುಮ್ಹೀಚ ನಾ?" ಎಂದು ಮರಾಠಿಯಲ್ಲಿ ಕೇಳಿದ, ಇದು ನೀವೇ ಅಲ್ಲವೇ ಎಂದು. ಸಕ್ಕುಬಾಯಿ ಮೊದಲು ನಕ್ಕಳು. ಆಮೇಲೆ ಅಂಗಡಿಗೆ ಅಂಗಡಿಯೇ ನಕ್ಕಿತು. ಕಪಾಟಿನ ಉಳಿದ ಜೋಡುಗಳನ್ನು ಉಸ್ತಾದರೇ ಒಂದೊಂದಾಗಿ ಸೀಳಿದರು. ಒಂದೊಂದರಿಂದಲೂ ಅವನೇ ಕೈ ಮುಗಿದು ನಗುತ್ತಿದ್ದ. "ನಾ ಮಾಡಿಸಿದ್ದಲ್ಲ" ಎನ್ನುತ್ತ ನೆಲಕ್ಕೆ ಬಿದ್ದ ರಟ್ಟುಗಳನ್ನು ಬಾಚಿಕೊಳ್ಳಹೋದ. ವ್ಯಾಪಾರಿ ಮೋಟಾರು ಹತ್ತಿದ. ಅಪ್ಪಾಸಾಬ ಮರುದಿನ ಅಂಗಡಿಗೆ ಬೀಗ ಜಡಿದು ಮಂಗಸೂಳಿಯ ಬೀಗರ ಮನೆ ಸೇರಿದ.

ಸೋಮವಾರವೇ ಓಡುತ್ತ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವನು ಹಿಗ್ಗಲಿಲ್ಲ. "ಕೊಂಡಾವ್ರು ಬಡವ್ರು. ಅವ್ರ ಕಾಲ ಏನ್ ತಪ್ಪ ಮಾಡಿದ್ವು?" ಎಂದು ಮುಖ ತಿರುಗಿಸಿದ. ಆ ಮಾತು ನನಗೆ ನಾಟಿತು, ಸುಳ್ಳು ಹೇಳಲಾರೆ. ಆದರೂ ಮತ್ತೆ ಅದೇ ಸಮಯ ಬಂದರೆ ಮತ್ತೆ ಹಾಗೇ ಮಾಡುತ್ತೇನೆ.

ಮೈ ಕಡೆ ನೋಡಿಕೋ. ಅಪ್ಪನ ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ ತಂಗಿ
ಶೇವಂತಾ

ತಾ.ಕ.: ಅಂಚೆಗೆ ಹಾಕುವ ಮುಂಚೆ ಅಪ್ಪನಿಗೆ ಈ ಪತ್ರ ಓದಿ ಹೇಳಿದೆ. ಕೇಳಿದ ಮೇಲೆ ಅಂದ: "ಆವಾಗ ನಮ್ಮ ಜೋಡಿನ್ಯಾಗ ರಟ್ಟ ಹಾಕಿದಾಂವ ತುಕಾರಾಮ. ಹೊಲಿಗಿ ನೋಡಿದ ಕೂಡ್ಲೆ ಅವನ ಕೈ ಅಂತ ಗೊತ್ತಾತು. ಮುಂಬಯಿದಾಗ ಅಂಗಡಿ ತಗದು ನಿನಗ ವಹಿಸ್ತೀನಿ ಅಂತ ಅಪ್ಪಾಸಾಬ ಅವಗ ಆಸೆ ಹಚ್ಚಿದ್ದ. ಮಾಲ ತಿರುಗಿ ಬಂದಾಗ ತಪ್ಪ ನನ್ನ ಮ್ಯಾಲೆ ಹಾಕಿದ. ಮಗನ ಹೆಸರ ಹ್ಯಾಂಗ ಹೇಳ್ಲಿ?" ನಿನ್ನ ಸಲುವಾಗಿ ಅಪ್ಪ ಕೊರಳು ಕೊಟ್ಟ, ನೀನು ಅವನನ್ನೇ ಹೇಡಿ ಮಾಡಿ ಹೋದೆ. ಬುಧವಾರದ ಮೊದಲ ಬಸ್ಸಿಗೆ ನಾನು ನಿಲ್ದಾಣದಲ್ಲಿ ಇರುತ್ತೇನೆ. ನೀನು ಇಳಿದು ಬಂದು ಓಣಿಯ ನಾಲ್ಕು ಮಂದಿಯ ಎದುರು ಇದನ್ನು ನಿನ್ನ ಬಾಯಿಂದಲೇ ಹೇಳಬೇಕು. ಇಳಿಯದಿದ್ದರೆ ನಾನೇ ಇಚಲಕರಂಜಿಗೆ ಬರುತ್ತೇನೆ.